ಎರಡು ಕಣ್ಣು, ಒಂದಕ್ಕೆ ಸುಣ್ಣ

ಕಾಲೇಜಿನ ಕ್ರೀಡಾ ದಿನಾಚರಣೆಗೆ ಬರುವ ಮುಖ್ಯ ಅತಿಥಿಗಳಿಗೆಲ್ಲ ಒಂದೇ ವಾಕ್ಯ ಬಾಯಿಪಾಠ. ಓದು ಮತ್ತು ಆಟ ಎರಡು ಕಣ್ಣುಗಳಿದ್ದಂತೆ. ಶಾಮಿಯಾನದ ನೆರಳಲ್ಲಿ ಕೂತು, ಬಾದಾಮಿ ಹಾಲು ಕುಡಿದು, ಬಿಸಿಲಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಇದನ್ನು ಹೇಳುತ್ತಾರೆ. ಬಲೂನು ಹಾರಿಸುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಕಾರು ಹತ್ತುತ್ತಾರೆ.

ಎರಡು ಕಣ್ಣು, ಒಪ್ಪಿದೆವು. ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವವರು ಯಾರು ಅನ್ನುವುದು ಮಾತ್ರ ಭಾಷಣದಲ್ಲಿ ಬರುವುದಿಲ್ಲ. ಹೇಗೆ ಬಂದೀತು? ಅವರು ವೇದಿಕೆ ಮೇಲೆ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ.

"ಎರಡನ್ನೂ ಬ್ಯಾಲೆನ್ಸ್ ಮಾಡ್ಕೊಂಡು ಹೋಗ್ಬೇಕಮ್ಮಾ." ಇದು ಪ್ರಾಂಶುಪಾಲರ ಮಾತು. ಎಚ್‌ಒಡಿ ಮಾತೂ ಇದೇ, ವಾರ್ಡನ್ ಮಾತೂ ಇದೇ. ಬ್ಯಾಲೆನ್ಸ್ ಮಾಡಬೇಕಾದವಳು ಹತ್ತೊಂಬತ್ತರ ಹುಡುಗಿ. ಶುಲ್ಕ ಎತ್ತುವ ಆಡಳಿತ ಮಂಡಳಿ ಏನನ್ನೂ ಬ್ಯಾಲೆನ್ಸ್ ಮಾಡಬೇಕಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬರೆಯುವ ವಿಶ್ವವಿದ್ಯಾಲಯ ಮಾಡಬೇಕಿಲ್ಲ. ಸರ್ಕಾರವಂತೂ ಮಾಡಲೇಬೇಕಿಲ್ಲ, ಅದಕ್ಕೆ ಬೇರೆ ಕೆಲಸಗಳಿವೆ.

ಆ ಹುಡುಗಿಯನ್ನು ಸ್ವಲ್ಪ ನೋಡಿ. ಹೆಸರು ಬೇಡ, ಎಲ್ಲ ಕಾಲೇಜಿನಲ್ಲೂ ಇಂಥವಳು ಒಬ್ಬಳಿರುತ್ತಾಳೆ. ಬಿಕಾಂ ಎರಡನೇ ವರ್ಷ. 400 ಮೀಟರ್ ಓಡುತ್ತಾಳೆ. ಊರು ದೂರ, ಇರುವುದು ಹಾಸ್ಟೆಲ್‌ನಲ್ಲಿ.

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಫೀ ರಸೀದಿಯಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲಿದೆ, ಆದರೆ ಕಾಲೇಜಿನಲ್ಲಿ ಟ್ರ್ಯಾಕ್ ಇಲ್ಲ. ಮೈದಾನ ಇತ್ತು. ಅರ್ಧಕ್ಕೆ ಹೊಸ ಬ್ಲಾಕ್ ಎದ್ದಿತು, ಉಳಿದರ್ಧ ಉಪನ್ಯಾಸಕರ ಕಾರುಗಳಿಗೆ. ಹಾಗಾಗಿ ಮೊದಲ ಬಸ್ಸು ಹಿಡಿದು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಬೇಕು. ಎಂಟಕ್ಕೆ ಮುಗಿಸಿ ಬರುವಷ್ಟರಲ್ಲಿ ಹಾಸ್ಟೆಲ್ ಪಾತ್ರೆಯ ತಳ ಕಾಣುತ್ತಿರುತ್ತದೆ. ಕೋಚ್ ಹೇಳಿದ್ದು ಮೊಟ್ಟೆ, ಮೊಳಕೆ ಕಾಳು, ಹಾಲು. ತಟ್ಟೆಗೆ ಬೀಳುವುದು ತಣ್ಣಗಾದ ಚಿತ್ರಾನ್ನ. ಅದರಲ್ಲಿದ್ದ ನಾಲ್ಕು ಕಡಲೆ ಬೀಜವೂ ಮೊದಲು ಬಂದವರ ಪಾಲು.

ಒಂಬತ್ತಕ್ಕೆ ಮೊದಲ ಪೀರಿಯಡ್. ಹತ್ತು ನಿಮಿಷ ತಡ. "ಬಂದ್ರಾ ಪಿ.ಟಿ. ಉಷಾ? ಅಲ್ಲೇ ಹೊರಗೆ ನಿಂತ್ಕೊಳ್ಳಿ." ಇಡೀ ಕ್ಲಾಸಿಗೆ ನಗು. ಇದೇ ಉಪನ್ಯಾಸಕರು ಪದಕ ಬಂದ ದಿನ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ನಿಂತಿರುತ್ತಾರೆ, ಕತ್ತು ಉದ್ದ ಮಾಡಿಕೊಂಡು.

ಸಂಜೆ ಮತ್ತೆ ಪ್ರಾಕ್ಟೀಸು. ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೆ ಮುಚ್ಚುತ್ತದೆ, ಹುಡುಗರದ್ದು ಒಂಬತ್ತಕ್ಕೆ. ಬಿಸಿಲು ಇಳಿಯುವುದೇ ಐದೂವರೆಗೆ. ಈಗ ಮಾಡಮ್ಮಾ ಬ್ಯಾಲೆನ್ಸ್.

ಮುಂದಿನದು ಹಾಜರಾತಿ. ಶೇ 75 ಬೇಕು. ಎಂಜಿನಿಯರಿಂಗ್ ಆದರೆ ವಿಟಿಯು ಶೇ 85 ಕೇಳುತ್ತದೆ, ಕಾರಣ ಸರಿಯಿದ್ದರೆ ಹತ್ತರಷ್ಟು ಮನ್ನಾ ಮಾಡುತ್ತದೆ. ಆಡಲು ಹೋದವರಿಗೆ ಓಡಿ, ಅಂದರೆ ಆನ್ ಡ್ಯೂಟಿ ಹಾಜರಾತಿ, ಕೊಡುವ ಪದ್ಧತಿಯೂ ಇದೆ. ನಿಯಮಕ್ಕೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಬರ ಇರುವುದು ಸಹಿಗೆ.

ಓಡಿ ಪತ್ರದ ಪ್ರಯಾಣ ಕೇಳಿ. ಮೊದಲು ಪಿ.ಇ. ಡೈರೆಕ್ಟರ್ ಸಹಿ. ಅವರು ಸಿಗಬೇಕಾದರೆ ಮೈದಾನದಲ್ಲಿ ಹುಡುಕಬೇಡಿ, ಅಡ್ಮಿಷನ್ ಕೌಂಟರಿನಲ್ಲೋ ಪರೀಕ್ಷಾ ಸ್ಕ್ವಾಡಿನಲ್ಲೋ ಹುಡುಕಿ. ಆಮೇಲೆ ಎಚ್‌ಒಡಿ. ಆಮೇಲೆ ಒಂದೊಂದು ಸಬ್ಜೆಕ್ಟಿನವರೂ ಬೇರೆ ಬೇರೆ. ಕೊನೆಗೆ ಆಫೀಸಿನ ಸೀಲು. ಸೀಲು ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ, ನಾಳೆ ಬಾ.

ಅಷ್ಟಾದ ಮೇಲೂ ಸಿಗುವುದು ಮ್ಯಾಚ್ ಇದ್ದ ದಿನಗಳಿಗೆ ಮಾತ್ರ. ಅಂತರ ವಿಶ್ವವಿದ್ಯಾಲಯ ಕೂಟ ನಡೆಯುವುದು ಪಂಜಾಬಿನಲ್ಲೋ ಉತ್ತರ ಪ್ರದೇಶದಲ್ಲೋ. ಹೋಗಲು ಎರಡು ರಾತ್ರಿ, ಬರಲು ಎರಡು ರಾತ್ರಿ, ರೈಲಿನಲ್ಲಿ. "ರೈಲಲ್ಲಿ ಕೂತಿದ್ದಕ್ಕೂ ಅಟೆಂಡೆನ್ಸ್ ಕೊಡ್ಬೇಕೇನಮ್ಮಾ?" ಬೇಡ ಸರ್. ನಡೆದುಕೊಂಡೇ ಹೋಗಿ ಬರುತ್ತಾಳೆ.

ಕೂಟಕ್ಕೆ ಮುಂಚಿನ ತರಬೇತಿ ಶಿಬಿರಕ್ಕೆ ಓಡಿ ಇಲ್ಲ. ದಿನದ ಪ್ರಾಕ್ಟೀಸಿಗಂತೂ ಕೇಳುವ ಹಾಗೇ ಇಲ್ಲ. ಓಡುವ ದಿನ ಒಂದು ನಿಮಿಷದೊಳಗೆ ಮುಗಿದುಹೋಗುವ ಕೆಲಸಕ್ಕೆ ಇಷ್ಟೊಂದು ಪ್ರಾಕ್ಟೀಸು ಯಾಕೆ ಅಂತ ಕಾಮರ್ಸ್ ವಿಭಾಗಕ್ಕೆ ಇನ್ನೂ ಅರ್ಥವಾಗಿಲ್ಲ.

ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಶಾರ್ಟೇಜ್ ಪಟ್ಟಿ ಬರುತ್ತದೆ. ಅವಳ ಹೆಸರಿದೆ. ಬೋರ್ಡಿನ ಪಕ್ಕದ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲೂ ಅವಳ ಹೆಸರಿದೆ, "ಕಾಲೇಜಿಗೆ ಕೀರ್ತಿ ತಂದ ಹೆಮ್ಮೆಯ ವಿದ್ಯಾರ್ಥಿನಿ". ಫ್ಲೆಕ್ಸಿನಲ್ಲಿ ಅಧ್ಯಕ್ಷರ ಫೋಟೋ ದೊಡ್ಡದು, ಕಾರ್ಯದರ್ಶಿಗಳದ್ದು ಅದಕ್ಕಿಂತ ಸ್ವಲ್ಪ ಚಿಕ್ಕದು, ಹುಡುಗಿಯದ್ದು ಸ್ಟ್ಯಾಂಪ್ ಸೈಜು. ಕೀರ್ತಿ ತಂದದ್ದಕ್ಕೆ ಅಭಿನಂದನೆ. ತರಲು ಹೋದದ್ದಕ್ಕೆ ಕಂಡೋನೇಶನ್ ಫೀ.

ಈ ಕೀರ್ತಿಗೆ ಲೆಕ್ಕವೂ ಇದೆ. ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂದಾಗ ತೆರೆಯುವ ಫೈಲುಗಳಲ್ಲಿ ಕ್ರೀಡೆಯದ್ದೂ ಒಂದು. ವಿಶ್ವವಿದ್ಯಾಲಯ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ವಿದ್ಯಾರ್ಥಿಗಳು ಗೆದ್ದ ಪದಕಗಳು ಎಷ್ಟು ಅಂತ ನ್ಯಾಕ್ ಕೇಳುತ್ತದೆ. ಪದಕಕ್ಕೆ ಅಂಕವಿದೆ. ಅಂದರೆ ಅವಳ ಪದಕದಿಂದ ಕಾಲೇಜಿಗೆ ಅಂಕ ಬರುತ್ತದೆ. ಅದೇ ಪದಕಕ್ಕಾಗಿ ಟೆಸ್ಟ್ ತಪ್ಪಿಸಿಕೊಂಡ ಅವಳಿಗೆ ಆಂತರಿಕ ಮೌಲ್ಯಮಾಪನದ ಅಂಕ ಹೋಗುತ್ತದೆ. ಕಾಲೇಜಿಗೆ ಎ ಗ್ರೇಡು, ಹುಡುಗಿಗೆ ಬ್ಯಾಕ್‌ಲಾಗು. ಬ್ಯಾಲೆನ್ಸ್ ಅಂದರೆ ಇದೇ ಇರಬೇಕು.

ನ್ಯಾಕ್ ಬರುವ ವಾರ ಮೈದಾನಕ್ಕೂ ಯೋಗ ಕೂಡಿ ಬರುತ್ತದೆ. ಕಾರುಗಳು ಹೊರಗೆ. ಸುಣ್ಣದ ಪುಡಿಯಲ್ಲಿ ಲೇನು. ವಾಲಿಬಾಲ್ ನೆಟ್ಟು, ಅಂಗಡಿಯ ಬೆಲೆ ಚೀಟಿ ಸಮೇತ. ತಂಡ ಹೋದ ಮೇಲೆ ಒಂದು ಮಳೆ. ಲೇನು ಹೋಯಿತು, ಕಾರು ಬಂತು.

ಇನ್ನು ಹಾಜರಾತಿ ನಿಯಮ ಎಲ್ಲರಿಗೂ ಒಂದೇ ಅಂತ ನಂಬಿದವರಿಗೆ ಒಂದು ಮಾತು. ಹಾಗೇನಿಲ್ಲ. ಕೆಲವು ಕಡೆ ಇನ್ನೊಂದು ಜಾತಿಯ ಆಟಗಾರರಿದ್ದಾರೆ. ಆಗಲೇ ರಾಷ್ಟ್ರ ಮಟ್ಟದಲ್ಲಿ ಗೆದ್ದವರನ್ನು ಹುಡುಕಿ, ಬೇರೆ ರಾಜ್ಯದಿಂದಲೂ ಕರೆತಂದು, ಸೀಟು, ಹಾಸ್ಟೆಲು, ಊಟ ಎಲ್ಲ ಉಚಿತ ಕೊಟ್ಟು ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಎಷ್ಟೋ ಬಡ ಮಕ್ಕಳಿಗೆ ಅದರಿಂದ ಅನ್ನ, ನೆಲೆ ಸಿಕ್ಕಿದೆ, ಅದನ್ನು ಆಡಿಕೊಳ್ಳುವಷ್ಟು ಕೆಟ್ಟವನು ನಾನಲ್ಲ.

ಆದರೆ ಅವರ ಕ್ಲಾಸು? ಕೆಲವರ ಮುಖವನ್ನು ಅವರದೇ ವಿಭಾಗದ ಉಪನ್ಯಾಸಕರು ನೋಡಿರುವುದು ಪತ್ರಿಕೆಯಲ್ಲಿ. ಹಾಜರಾತಿ ಮಾತ್ರ ತುಂಬಿ ತುಳುಕುತ್ತದೆ. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ 25 ವರ್ಷದವರೆಗೆ ಆಡಬಹುದು. ಹಾಗಾಗಿ ಬಿಎ ಆದ ಮೇಲೆ ಎಂಎ, ಎಂಎ ಆದ ಮೇಲೆ ಯಾವುದೋ ಡಿಪ್ಲೊಮಾ. ವಯಸ್ಸು ಮುಗಿಯುವವರೆಗೆ ಜ್ಞಾನದಾಹ ಇಂಗುವುದಿಲ್ಲ.

ಹೀಗೆ ಕರೆತಂದ ಒಬ್ಬ ಹುಡುಗನಿಗೆ ಇದರಿಂದ ಒಳ್ಳೆಯದಾಯಿತೇ? ಮಂಡಿಯ ಲಿಗಮೆಂಟ್ ಹರಿಯುವವರೆಗೆ ಆಯಿತು. ಆಮೇಲೆ ಮುಂದಿನ ವರ್ಷದ ಉಚಿತ ಸೀಟಿನ ಬಗ್ಗೆ "ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿ ಹೇಳ್ತೀವಿ" ಅನ್ನುತ್ತಾರೆ. ಮೆಸ್ಸಿನವನು ಕಾರ್ಡ್ ಕೇಳುತ್ತಾನೆ. ಕೈಯಲ್ಲಿ ಎರಡು ಡಿಗ್ರಿ, ಎರಡರಲ್ಲೂ ಏನಿತ್ತು ಅಂತ ಅವನಿಗೆ ಗೊತ್ತಿಲ್ಲ. ಕಲಿಸುವುದು ತಮ್ಮ ಕೆಲಸ ಅಂತ ಯಾರಿಗೂ ಅನಿಸಿರಲಿಲ್ಲ. ಒಬ್ಬಳಿಗೆ ಓದಿನ ಹೆಸರಲ್ಲಿ ಆಟ ತಪ್ಪಿಸಿದರು, ಇನ್ನೊಬ್ಬನಿಗೆ ಆಟದ ಹೆಸರಲ್ಲಿ ಓದು ತಪ್ಪಿಸಿದರು. ಇಬ್ಬರಿಗೂ ಕೊಟ್ಟ ಭಾಷಣ ಒಂದೇ.

ಇದನ್ನೆಲ್ಲ ಹೇಳಿದರೆ ಒಂದು ಸಿದ್ಧ ಉತ್ತರ ಇದೆ. "ಕುಂಬ್ಳೆ ಓದಲಿಲ್ವಾ?"

ಓದಿದರು. ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಇನ್ನೂ ಹತ್ತೊಂಬತ್ತು. ಮೈಸೂರಿನ ಎಸ್‌ಜೆಸಿಇಯಲ್ಲಿ ಜಾವಗಲ್ ಶ್ರೀನಾಥ್ ಓದಿದರು. ಇವರಿಬ್ಬರ ಹೆಸರು ಹೇಳಿ ನಮ್ಮ ಕಾಲೇಜುಗಳು ಮೂವತ್ತು ವರ್ಷದಿಂದ ತಮ್ಮ ಕರ್ತವ್ಯ ತಪ್ಪಿಸಿಕೊಂಡಿವೆ. ಅಪರೂಪಕ್ಕೆ ಸಾಧ್ಯವಾದದ್ದನ್ನು ಎಲ್ಲರಿಗೂ ನಿಯಮ ಮಾಡುವುದು ಸೋಮಾರಿಗಳಿಗೆ ಬಹಳ ಇಷ್ಟ.

ಪ್ರಸನ್ನ ಅವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ಆಮೇಲೆ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಬೇಕಿತ್ತು. ಮುಗಿಸಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಆಫ್ ಸ್ಪಿನ್ನಿನಲ್ಲಿ ಜಗತ್ತಿಗೇ ಪಾಠ ಹೇಳಬಲ್ಲವನ ಸುಮಾರು ಐದು ವರ್ಷ ಕ್ಲಾಸ್‌ರೂಮಿನಲ್ಲಿ ಹೋಯಿತು. ಆದರೂ ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ ತೆಗೆದರು, ಅದು ಅವರ ದೊಡ್ಡತನ. ಅರವತ್ತರ ದಶಕದಲ್ಲಿ ಎರಡರಲ್ಲಿ ಒಂದನ್ನು ನಿಲ್ಲಿಸದೆ ಇನ್ನೊಂದು ಮುಗಿಯುತ್ತಿರಲಿಲ್ಲ. ಈಗಲೂ ಮುಗಿಯುವುದಿಲ್ಲ. ಅಷ್ಟರಲ್ಲಿ ನಾವು ಸ್ಮಾರ್ಟ್ ಕ್ಲಾಸ್‌ರೂಮು ಮಾಡಿದ್ದೇವೆ.

ಇವರೆಲ್ಲ ಕ್ರಿಕೆಟಿನವರು ಅನ್ನುವುದನ್ನೂ ಮರೆಯಬೇಡಿ. ಖೋಖೋ ಆಡುವವಳಿಗೆ, ಬಾಲ್ ಬ್ಯಾಡ್ಮಿಂಟನ್ ಆಡುವವನಿಗೆ ಕುಂಬ್ಳೆ ಉದಾಹರಣೆ ಕೊಡುವವರು ಅವರಿಗೆ ಕೊಡುವ ದಿನಭತ್ಯೆ ಎಷ್ಟು ಅಂತಲೂ ಒಮ್ಮೆ ಮೈಕಿನಲ್ಲಿ ಹೇಳಲಿ.

ಪರೀಕ್ಷೆಯ ವಿಷಯಕ್ಕೆ ಬರೋಣ. ಅಂತರ ವಿಶ್ವವಿದ್ಯಾಲಯ ಕೂಟಗಳು ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿ. ಬೆಸ ಸೆಮಿಸ್ಟರಿನ ಪರೀಕ್ಷೆಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪ್ರತಿ ವರ್ಷ ಇದು ಡಿಕ್ಕಿ ಹೊಡೆಯುತ್ತದೆ, ಪ್ರತಿ ವರ್ಷ ವಿಶ್ವವಿದ್ಯಾಲಯಕ್ಕೆ ಆಶ್ಚರ್ಯವಾಗುತ್ತದೆ. ತಂಡ ಆರಿಸಿ ಕಳಿಸುವುದು ಇದೇ ವಿಶ್ವವಿದ್ಯಾಲಯ. ಪರೀಕ್ಷೆ ಇಡುವುದೂ ಇದೇ ವಿಶ್ವವಿದ್ಯಾಲಯ. ಎರಡು ವಿಭಾಗಗಳ ನಡುವೆ ಒಂದು ಕಾರಿಡಾರ್ ಇದೆ. ಅದನ್ನು ದಾಟಿ ಕ್ಯಾಲೆಂಡರ್ ಕೇಳಿದವರು ಇನ್ನೂ ಹುಟ್ಟಿಲ್ಲ.

ಪರೀಕ್ಷೆ ಮುಂದೂಡಲು ಸಾಧ್ಯವೇ ಇಲ್ಲವೇ? ಖಂಡಿತ ಸಾಧ್ಯ. ಚುನಾವಣೆಗೆ ಮುಂದೂಡುತ್ತಾರೆ. ಬಂದ್‌ಗೆ ಮುಂದೂಡುತ್ತಾರೆ. ಪ್ರಶ್ನೆಪತ್ರಿಕೆ ಸೋರಿದರೆ ಮುಂದೂಡುತ್ತಾರೆ. ದೊಡ್ಡವರು ತೀರಿಕೊಂಡರೆ ಮುಂದೂಡುತ್ತಾರೆ. ವಿಶ್ವವಿದ್ಯಾಲಯದ ಹೆಸರನ್ನು ಎದೆ ಮೇಲೆ ಬರೆದುಕೊಂಡು ಓಡುವವಳಿಗೆ ಒಂದು ಮರುಪರೀಕ್ಷೆ ಅಂದರೆ ಮಾತ್ರ "ನಿಯಮದಲ್ಲಿ ಅವಕಾಶವಿಲ್ಲ". ಬೋರ್ಡ್ ಪರೀಕ್ಷೆ ಬರೆಯುವ ಮಕ್ಕಳು ರಾಷ್ಟ್ರೀಯ, ಅಂತರರಾಷ್ಟ್ರೀಯ ಕೂಟಕ್ಕೆ ಹೋದರೆ ಸಿಬಿಎಸ್‌ಇ ಬೇರೆ ದಿನ ಪರೀಕ್ಷೆ ಬರೆಸುತ್ತದೆ. ಲಕ್ಷಾಂತರ ಮಕ್ಕಳ ಮಂಡಳಿಗೆ ಆಗುವ ಕೆಲಸ ನಮ್ಮ ಕುಲಸಚಿವರಿಗೆ ಆಗುವುದಿಲ್ಲ.

ತಪ್ಪಿದ ಪೇಪರು ಮುಂದಿನ ಸಲ ಬರೆಯಬೇಕು, ಮತ್ತೆ ಫೀ ಕಟ್ಟಿ. ಅಂಕಪಟ್ಟಿಯಲ್ಲಿ ಆಡಲು ಹೋಗಿದ್ದಳು ಅಂತ ಬರೆಯುವುದಿಲ್ಲ. ಗೈರುಹಾಜರಿ ಅಂತ ಬರೆಯುತ್ತಾರೆ. ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿಯ ಮೊದಲ ಷರತ್ತು, ಬ್ಯಾಕ್‌ಲಾಗ್ ಇರಬಾರದು. ಆ ಕಂಪನಿಯ ಗೋಡೆಯ ಮೇಲೆ ಟೀಮ್‌ವರ್ಕ್ ಅಂತ ದೊಡ್ಡ ಪೋಸ್ಟರು ಇರುತ್ತದೆ, ಕೆಳಗೆ ರಿಲೇ ಓಟದ ಚಿತ್ರ.

ನೀತಿಗಳೇನು ಕಡಿಮೆಯೇ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಅನ್ನುವ ಗೋಡೆಯೇ ಇರಬಾರದು ಅಂದಿತು. ಓದಲು ಚೆನ್ನಾಗಿತ್ತು. ನಮ್ಮ ಪದವಿ ಕಾಲೇಜುಗಳಲ್ಲಿ ಯೋಗ, ಕ್ರೀಡೆಗೂ ಕ್ರೆಡಿಟ್ ಬಂತು. ಹೇಗೆ ಜಾರಿಯಾಯಿತು? ಎಷ್ಟೋ ಕಡೆ ಕಬಡ್ಡಿ ಅಂಕಣದ ಚಿತ್ರ ಬರೆದು ಅಳತೆ ಗುರುತಿಸಿ ಅಸೈನ್‌ಮೆಂಟ್ ಕೊಟ್ಟವರಿಗೆ ಪೂರ್ತಿ ಅಂಕ. ಅಂಕಣದಲ್ಲಿ ನಿಜವಾಗಿ ರೈಡ್ ಮಾಡಲು ಹೋದವನು ಅಸೈನ್‌ಮೆಂಟ್ ಕೊಟ್ಟಿರಲಿಲ್ಲ. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಯನ್ನೇ ಕೈಬಿಟ್ಟಿತು. ಒಂದು ನೀತಿ ಬಂತು, ಒಂದು ನೀತಿ ಹೋಯಿತು. ಗೋಡೆಗೆ ಏನೂ ಆಗಿಲ್ಲ.

"ಅಮೆರಿಕ ನೋಡ್ರೀ, ಅಲ್ಲಿ ಕಾಲೇಜು ಅಂದ್ರೇ ಸ್ಪೋರ್ಟ್ಸು" ಅನ್ನುವವರೂ ಇದ್ದಾರೆ. ನೋಡಿದೆವು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ನಡೆಯದ ಕ್ಲಾಸುಗಳಿಗೆ ಅಂಕ ಕೊಟ್ಟದ್ದು 2014ರ ತನಿಖಾ ವರದಿಯಲ್ಲಿ ಬಯಲಾಯಿತು. ಲಾಭ ಪಡೆದವರು 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಆಟಗಾರರು. ಪಾಠವಿಲ್ಲ, ಮೇಷ್ಟ್ರಿಲ್ಲ, ಒಂದು ಪೇಪರ್ ಬರೆದುಕೊಟ್ಟರೆ ಆಫೀಸಿನ ಸಿಬ್ಬಂದಿಯೇ ಅಂಕ ಹಾಕುತ್ತಿದ್ದರು. ನಮ್ಮವರಿಗೆ ಇದರಲ್ಲಿ ಕಲಿಯುವುದೇನೂ ಇಲ್ಲ. ಅಲ್ಲಿ ಕನಿಷ್ಠ ಒಂದು ಪೇಪರ್ ಕೇಳಿದ್ದರು.

ಸಮಯಪಾಲನೆ ಬಗ್ಗೆ ಮಕ್ಕಳಿಗೆ ಬುದ್ಧಿ ಹೇಳುವವರ ಸಮಯಪಾಲನೆಯನ್ನೂ ನೋಡಿ. ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಹೆಸರಿನಲ್ಲಿ 2021 ಅಂತಿತ್ತು. ನಡೆದದ್ದು 2022ರಲ್ಲಿ. 2021ರ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ಚೀನಾದ ಚೆಂಗ್ಡುವಿನಲ್ಲಿ ನಡೆದದ್ದು 2023ರಲ್ಲಿ. ಕೂಟ ಎರಡು ವರ್ಷ ತಡವಾದರೆ ಕೋವಿಡ್. ಹುಡುಗಿ ಹತ್ತು ನಿಮಿಷ ತಡವಾದರೆ ಅಶಿಸ್ತು.

ಆ ಚೆಂಗ್ಡುವಿನಲ್ಲಿ ನಮ್ಮ ಕಾಲೇಜು ಹುಡುಗ ಹುಡುಗಿಯರು 26 ಪದಕ ತಂದರು, 11 ಚಿನ್ನ. ಇದೇ ಹಾಸ್ಟೆಲು, ಇದೇ ಚಿತ್ರಾನ್ನದ ಮೇಲೆ. ಮುಂದಿನ ಕೂಟ 2025ರ ಜುಲೈನಲ್ಲಿ, ಜರ್ಮನಿಯ ರೈನ್-ರೂರ್‌ನಲ್ಲಿ. ಬ್ಯಾಡ್ಮಿಂಟನ್‌ಗೆ ಹನ್ನೆರಡು ಜನ ಹೋದರು. ಆಡಲು ಸಿಕ್ಕಿದ್ದು ಆರು ಜನಕ್ಕೆ. ಉಳಿದ ಆರು ಜನಕ್ಕೆ ಗಾಯವಾಗಿರಲಿಲ್ಲ, ಫಾರ್ಮ್ ಕೆಟ್ಟಿರಲಿಲ್ಲ, ಹಾಜರಾತಿ ಕಡಿಮೆಯೂ ಇರಲಿಲ್ಲ, ಜರ್ಮನಿಯಲ್ಲೇ ಇದ್ದರು. ಅವರ ಹೆಸರುಗಳನ್ನು ನಮ್ಮ ಅಧಿಕಾರಿಗಳು ಸಂಘಟಕರಿಗೆ ಸರಿಯಾಗಿ ಕೊಟ್ಟಿರಲಿಲ್ಲ.

ಇನ್ನೊಮ್ಮೆ ಓದಿ. ವಿಮಾನದಲ್ಲಿ ಕರೆದುಕೊಂಡು ಹೋದರು. ಹೆಸರು ಕೊಡಲಿಲ್ಲ.

ಆಡಿದ ಆರು ಜನ ಮಿಶ್ರ ತಂಡ ವಿಭಾಗದಲ್ಲಿ ಕಂಚು ತಂದರು. ಗದ್ದಲವಾದ ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಒಬ್ಬ ಅಧಿಕಾರಿಯನ್ನು ಅಮಾನತು ಮಾಡಿತು, ತನಿಖಾ ಸಮಿತಿ ರಚಿಸಿತು. ಅರ್ಹತಾ ಫಾರ್ಮ್ ಒಂದು ದಿನ ತಡವಾಗಿ ಕೊಟ್ಟರೆ ವಿದ್ಯಾರ್ಥಿಯ ಹೆಸರು ಕಿತ್ತುಹಾಕುವ ವ್ಯವಸ್ಥೆ ಇದು. ಅಲ್ಲಿ ಸಮಿತಿ ಇರುವುದಿಲ್ಲ. "ಡೇಟ್ ನೋಡ್ಕೊಳ್ಳೋಕೆ ಆಗಲ್ವೇನಮ್ಮಾ?" ಅಷ್ಟೇ.

ಈಗ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬರಲಿದೆ. 2036ರ ಒಲಿಂಪಿಕ್ಸೂ ನಮಗೇ ಬೇಕಂತೆ. ಕ್ರೀಡಾಂಗಣ ಕಟ್ಟುತ್ತಾರೆ, ಕಟ್ಟುವುದರಲ್ಲಿ ನಮ್ಮವರಿಗೆ ಆಸಕ್ತಿ ಜಾಸ್ತಿ, ಯಾಕೆ ಅಂತ ನಿಮಗೂ ಗೊತ್ತು. ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ ಕೊಡುವುದಾಗಿ ನಮ್ಮ ರಾಜ್ಯ ಘೋಷಿಸಿದೆ. ಒಲಿಂಪಿಕ್ಸ್‌ನಲ್ಲಿ ಇಡೀ ದೇಶಕ್ಕೆ ಇದುವರೆಗೆ ಬಂದ ವೈಯಕ್ತಿಕ ಚಿನ್ನ ಎರಡೇ. ಒಂದೂ ನಮ್ಮ ರಾಜ್ಯದ್ದಲ್ಲ. ಖಜಾನೆಗೆ ಸದ್ಯಕ್ಕೆ ಅಪಾಯವಿಲ್ಲ.

ಆರು ಕೋಟಿ ಆಮೇಲೆ ಕೊಡಿ. ಈ ಸೆಮಿಸ್ಟರಿಗೆ ಹಾಸ್ಟೆಲ್ ಗೇಟನ್ನು ಎಂಟರವರೆಗೆ ತೆರೆದಿಡಿ. ಸಂಪುಟದ ಒಪ್ಪಿಗೆ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆಯೂ ಬೇಡ. ಬೀಗದ ಕೈ ವಾಚ್‌ಮನ್ ಜೇಬಿನಲ್ಲೇ ಇದೆ.